ಪಟದಲ್ಲಿ ಇಲ್ಲದ ಗಂಡ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದೆ. ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ ಆಗ ಹಳ್ಳಿಹಳ್ಳಿಗೂ ಬಂದಿತ್ತು. ಅದಕ್ಕೆ ಚಿತ್ರ ಬರೆಯುವವರು ಬೇಕೆಂದು ಕಾಗದ ಬಂದಾಗ ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆದು, "ನಿಮಗೆ ಹೇಗೂ ಮನೆಯಲ್ಲಿ ಜಂಜಾಟ ಇಲ್ಲವಲ್ಲ, ನೀವೇ ಹೋಗಿ ಬನ್ನಿ" ಎಂದರು. ಮಕ್ಕಳಿಲ್ಲ ಎನ್ನುವುದನ್ನು ಅವರು ಹಾಗೆ ಹೇಳಿದ್ದು. ಗಂಡನೂ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತೋರಿಸಿಕೊಂಡಿರಲಿಲ್ಲ.

ನನ್ನ ಗಂಡ ಸತ್ತಿರಲಿಲ್ಲ. ಮೈಸೂರಿನಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮದುವೆಯಾಗಿ ಮೂರನೆಯ ವರ್ಷ, ಒಂದು ಬೆಳಿಗ್ಗೆ ಶೂ ಲೇಸು ಕಟ್ಟುತ್ತಾ, "ನೀನು ಸ್ವಲ್ಪ ದಿನ ಅಮ್ಮನ ಮನೆಯಲ್ಲಿರು, ನಾನೇ ಬಂದು ಕರೆದುಕೊಂಡು ಹೋಗ್ತೀನಿ" ಎಂದರು. ಜಗಳವೇನೂ ಆಗಿರಲಿಲ್ಲ. ನಾನು ಎರಡು ಸೀರೆ, ಬಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದೆ. ಅವರು ಬರಲಿಲ್ಲ. ಒಂದು ವರ್ಷದ ಮೇಲೆ, ಅವರು ಇನ್ನೊಬ್ಬಾಕೆಯ ಜೊತೆ ಮನೆ ಮಾಡಿದ್ದಾರೆಂದು ಗೊತ್ತಾಯಿತು. ನಮ್ಮದು ಕೋಟೆಯೊಳಗಿನ ಬೀದಿ. ಅಪ್ಪ ದೇವಸ್ಥಾನದಲ್ಲಿ ಪರಿಚಾರಕರು. ಬೀದಿಯವರು ಕೇಳಿದಾಗೆಲ್ಲ ಅಮ್ಮ, "ಅಳಿಯಂದಿರಿಗೆ ವರ್ಗ ಆಗಿದೆ, ಅಲ್ಲಿ ಮನೆ ಸಿಕ್ಕಿಲ್ಲ" ಎನ್ನುತ್ತಿದ್ದಳು. ಮೊದಲು ಧಾರವಾಡ ಎಂದಳು, ಆಮೇಲೆ ಬಿಜಾಪುರ. ನಾನೂ ಅದನ್ನೇ ಹೇಳುತ್ತಿದ್ದೆ. ಹಾಗೆ ಆರು ವರ್ಷ ಕಳೆದಿತ್ತು.

ಕಾರ್ಯಕ್ರಮದ ಉಸ್ತುವಾರಿಯಲ್ಲಿದ್ದ ಅಧಿಕಾರಿ ನಿವೃತ್ತಿಗೆ ಹತ್ತಿರವಾದವರು, ಮೆಲುದನಿಯ ಮನುಷ್ಯ. ಅವರು ನನಗೆ ಕೊಟ್ಟ ಕಥೆ ಸರಳವಾಗಿತ್ತು. ಈ ಸೀಮೆಯ ಒಬ್ಬ ರೈತ ಹೆಂಗಸು. ಹೆಬ್ಬೆಟ್ಟು ಒತ್ತುತ್ತಾಳೆ, ಮೋಸ ಹೋಗುತ್ತಾಳೆ, ಆಮೇಲೆ ಅಕ್ಷರ ಕಲಿಯುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ, ಕೊನೆಗೆ ರುಜು ಹಾಕುತ್ತಾಳೆ. ದೊಡ್ಡ ಅಳತೆಯ ಹನ್ನೆರಡು ಹಾಳೆಗಳಲ್ಲಿ ಅದನ್ನು ಬರೆದು, ಮೇಲ್ಗಡೆ ಪಟ್ಟಿ ಹೊಡೆದು, ಒಂದೊಂದೇ ಹಾಳೆ ಮಗುಚುತ್ತಾ ಕಥೆ ಹೇಳಬೇಕು. "ಅಚ್ಚಿಗೆ ಹೋಗೋಕೆ ಮೊದಲು ನಾಲ್ಕು ತಾಲೂಕಿನಲ್ಲೂ ತೋರಿಸಿ. ನೋಡಿದ ಹೆಂಗಸರು ಇದು ನಾನೇ ಅನ್ನಬೇಕು, ಅಂಥ ಮುಖ ಬೇಕು" ಎಂದರು.

ಅಂಥ ಮುಖ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ದಿನಾ ಬಸ್‌ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ನೋಡುವವರೇ ತಾನೆ. ಹದಿನೈದು ದಿನ ಕೂತು ಹನ್ನೆರಡೂ ಹಾಳೆ ಮುಗಿಸಿದೆ.

ಮೊದಲು ಹೋದದ್ದು ನಮ್ಮ ತಾಲೂಕಿನದೇ ಅರಕೆರೆಗೆ. ನಾಲೆಯ ನೀರು ಬಿಟ್ಟು ನಾಟಿ ನಡೆಯುತ್ತಿದ್ದ ಕಾಲ. ಮಧ್ಯಾಹ್ನ ಗದ್ದೆಯಿಂದ ಬಂದ ಇಪ್ಪತ್ತು ಹೆಂಗಸರು ಸ್ಕೂಲಿನ ಜಗಲಿಯ ಮೇಲೆ ಕೂತರು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ನಾನು ಮೊದಲ ಹಾಳೆ ಬಿಚ್ಚಿದೆ. ಯಾರೋ ಕಿಸಕ್ಕನೆ ನಕ್ಕರು.

"ಯಾರವ್ವ ಇದು? ಅಯ್ನೋರ ಮನೆ ಎಂಗ್ಸಾ?" ಎಂದಳು ಒಬ್ಬಳು.

"ಅಲ್ಲಮ್ಮ, ನಿಮ್ಮ ಹಾಗೇ ಹೊಲ ಗದ್ದೆ ಮಾಡೋಳು."

ಎಲೆಯಡಿಕೆ ಅಗಿಯುತ್ತಿದ್ದ ಒಬ್ಬ ಮುದುಕಿ ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟಳು. "ಈ ಕೈ ನೋಡಿ. ಈ ಕೈ ಒಂದ್ ದಿನಾನೂ ಕಳೆ ಕಿತ್ತಿಲ್ಲ ಕಣವ್ವ. ಇಂಗೆ ನಿಂತ್ಕಂಡ್ರೆ ಗದ್ದೆ ಕ್ಯಾಮೆ ಆಯ್ತದಾ? ಸೆರಗು ಹೊದ್ಕಂಡು ಪೂಜೆಗೆ ನಿಂತಂಗೆ ನಿಂತವ್ಳೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಾಳೆಯನ್ನು ಮತ್ತೆ ನೋಡಿದಾಗ ನನಗೇ ಕಂಡಿತು. ನಾನು ಬರೆದದ್ದು ಅಮ್ಮನನ್ನು. ಅಮ್ಮ ಅಡುಗೆ ಮನೆ ಬಾಗಿಲಲ್ಲಿ ಹೇಗೆ ಸೆರಗನ್ನು ಎಡಗೈಯಲ್ಲಿ ಹಿಡಿದು ನಿಲ್ಲುತ್ತಾಳೋ ಹಾಗೆ. ಆ ಸೀರೆಯ ಕೆಳಗೆ ಗದ್ದೆ ಬರೆದಿದ್ದೆ, ಅಷ್ಟೇ.

ಆಮೇಲೆ ನೋಡುವುದನ್ನು ಕಲಿಯಬೇಕಾಯಿತು. ನಾಟಿ ಮಾಡುವಾಗ ಸೀರೆ ಎಲ್ಲಿಗೆ ಎತ್ತಿ ಕಟ್ಟುತ್ತಾರೆ, ಎಲೆಯಡಿಕೆ ಚೀಲ ಸೊಂಟದ ಯಾವ ಕಡೆ ಸಿಕ್ಕಿಸುತ್ತಾರೆ, ಹುಲ್ಲಿನ ಹೊರೆ ಹೊತ್ತವಳ ಕುತ್ತಿಗೆ ಹೇಗೆ ನೆಟ್ಟಗಿರುತ್ತದೆ, ಕೆಲಸವಿಲ್ಲದಾಗ ಕೈಗಳು ಎಲ್ಲಿರುತ್ತವೆ. ಬದುವಿನ ಮೇಲೆ ಕೂತು ಪುಸ್ತಕದಲ್ಲಿ ಗೀಚುತ್ತಿದ್ದೆ. "ಏನ್ ಬರ್ಕತೀರವ್ವ, ಜನಗಣತಿಯಾ?" ಎಂದು ಕೇಳುತ್ತಿದ್ದರು.

ವಾರದಲ್ಲಿ ಮೂರು ದಿನ ಸ್ಕೂಲು, ಮೂರು ದಿನ ಬಸ್ಸು. ಹಾಳೆಗಳನ್ನು ಸುರುಳಿ ಸುತ್ತಿ ಗೊಬ್ಬರದ ಚೀಲದ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಕಂಡಕ್ಟರುಗಳು ಅದನ್ನು ಏನೇನೋ ಅಂದುಕೊಳ್ಳುತ್ತಿದ್ದರು. ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಬೆಲ್ಲದ ಪಾಕದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಪಾಂಡವಪುರದ ಹೆಂಗಸರು, "ಇವ್ಳು ಯಾಕೆ ಯಾವಾಗ್ಲೂ ನೆಲ ನೋಡ್ತಾವ್ಳೆ? ಏನ್ ತಪ್ಪು ಮಾಡವ್ಳೆ?" ಎಂದರು. ತಲೆ ಎತ್ತಿಸಿ ಬರೆದೆ. ಕೆ.ಆರ್. ಪೇಟೆಯ ಕಡೆ ಚಿತ್ರದಲ್ಲಿದ್ದ ಹಸುವಿನ ಕೊಂಬು ಸರಿಯಿಲ್ಲ ಎಂದರು, ಹೆಂಗಸಿನ ಬಗ್ಗೆ ಮಾತೇ ಆಡಲಿಲ್ಲ. ಹಸುವನ್ನು ತಿದ್ದಿಕೊಂಡು ಹೋದ ಮೇಲೆ, "ಈಗ ನೋಡಿ, ಸರಿಯಾಗವ್ಳೆ" ಎಂದರು. ನಾನು ಅವಳನ್ನು ಮುಟ್ಟಿಯೇ ಇರಲಿಲ್ಲ.

ಮನೆಗೆ ಬರುವಾಗ ಕಾಲು ಊದಿರುತ್ತಿತ್ತು. ಅಮ್ಮ ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದಳು. ಯಾವ ಊರು, ಯಾರು ಸಿಕ್ಕರು ಎಂದು ಕೇಳುತ್ತಿರಲಿಲ್ಲ. ಕೇಳಿದರೂ ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಬೆಳಿಗ್ಗೆ ಮತ್ತೆ ಆ ಹೆಂಗಸನ್ನು ಬರೆಯಬೇಕು. ಮೂಗು ತಿದ್ದಬೇಕು, ಪಾದ ಅಗಲ ಮಾಡಬೇಕು, ಮೈಬಣ್ಣ ಇನ್ನೊಂದು ಚೂರು ಗಾಢ ಮಾಡಬೇಕು. ಅವಳು ಯಾರೆಂದು ಪ್ರತಿ ಊರಿನಲ್ಲೂ ಒಂದೊಂದು ಉತ್ತರ ಕೊಟ್ಟು ನನಗೆ ಬೇಸರ ಬಂದಿತ್ತು.

ಕೊನೆಗೆ ಉಳಿದದ್ದು ನಾಗಮಂಗಲ. ಅಲ್ಲಿಗೆ ಮೊದಲ ಸಲ ಹೋದಾಗ, "ಇದು ನಾಲೆ ಸೀಮೆಯೋಳ್ದು. ನಮ್ಗೆಲ್ಲೈತೆ ಈ ನೀರು?" ಎಂದು ಮುಖ ತಿರುಗಿಸಿದರು. ಹಸಿರು ಬಳಿದಿದ್ದ ನಾಲ್ಕು ಹಾಳೆ ಬಿಸಾಕಿ ರಾಗಿ ಹೊಲ, ಕಲ್ಲು ಗುಡ್ಡ, ಹುರುಳಿ ಬಣವೆ ಬರೆದೆ. ಎರಡನೆಯ ಸಲ ಹೋಗುವಾಗ ಕಣ ಮಾಡುವ ಕಾಲ ಮುಗಿದಿತ್ತು. ಮಧ್ಯಾಹ್ನ ಮೂರೂವರೆ ಇರಬೇಕು. ಹಾಲಿನ ಡೈರಿಯ ಪಕ್ಕದ ಕೋಣೆಯಲ್ಲಿ ಹದಿನೈದು ಹದಿನಾರು ಹೆಂಗಸರು ಸೇರಿದ್ದರು. ಹಾಳೆ ಮಗುಚುತ್ತಾ ಕಥೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಕೈ ನೋಡಿದರು, ಕಾಲು ನೋಡಿದರು, ತಲೆಯಾಡಿಸಿದರು. ಕಡೆಗೂ ಮುಗಿಯಿತು ಎಂದುಕೊಂಡೆ.

ಹಿಂದೆ, ಬಾಗಿಲಿಗೆ ಒರಗಿ ಒಬ್ಬಳು ಕೂತಿದ್ದಳು. ನಲವತ್ತರ ಆಸುಪಾಸು. ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳು, ಹಾಲಿನ ಕ್ಯಾನು ಪಕ್ಕದಲ್ಲೇ ಇತ್ತು. ಅವಳು ಕೇಳಿದಳು: "ಮೇಡಮ್ನೋರೆ, ಇವ್ಳ ಗಂಡ ಎಲ್ಲವ್ನೆ?"

"ಹೊಲಕ್ಕೆ ಹೋಗಿದ್ದಾನೆ."

"ಅನ್ನೆರಡು ಆಳೇಲೂ ಒಲದಾಗೇ ಅವ್ನಾ?"

ಕೋಣೆಯೆಲ್ಲ ನಕ್ಕಿತು. ನಾನು, "ಕಥೆ ಅವನದಲ್ಲವಲ್ಲ, ಅದಕ್ಕೇ ಬರೆದಿಲ್ಲ" ಎಂದೆ.

ಅವಳು ಎದ್ದು ಬಂದಳು. "ಆ ಮನೆ ಒಳ್ಗಿನ್ ಆಳೆ ತೆಗೀರಿ" ಎಂದಳು. ಐದನೆಯ ಹಾಳೆ ತೆಗೆದೆ. ಸಂಜೆ ಕಥೆಯ ಹೆಂಗಸು ಒಲೆ ಮುಂದೆ ಕೂತಿರುವ ಚಿತ್ರ. ಎಮ್ಮೆಯವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಚಿತ್ರವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓದಿದಳು. "ನೋಡಿ, ತಟ್ಟೆ ಒಂದೇಯ. ಚಾಪೆ ಒಂದೇಯ. ಗೂಟದ ಮ್ಯಾಲೆ ಒಂದು ಟವಲ್ಲಿಲ್ಲ, ಪಂಚೆ ಇಲ್ಲ. ಬಾಗ್ಲಲ್ಲಿ ಗಂಡಸಿನ್ ಮೆಟ್ಟಿಲ್ಲ. ಬೀಡಿ ಬೆಂಕಿಪೊಟ್ಣಾನೂ ಇಲ್ಲ. ಕೊಳ್ಳಾಗೆ ತಾಳಿ ಐತೆ, ಹಣೇಲಿ ಬೊಟ್ಟೈತೆ, ಅಂದ್ಮೇಲೆ ಸತ್ತಿಲ್ಲ. ಬುಟ್ಟೋಗವ್ನೆ ಅನ್ನಿ."

ನಾನು ಹಾಳೆ ನೋಡಿದೆ. ಅವಳು ಹೇಳಿದ್ದೆಲ್ಲ ಅಲ್ಲಿತ್ತು. ಎಷ್ಟು ಸಲ ತಿದ್ದಿದ್ದೇನೆ, ಎಷ್ಟು ಜನಕ್ಕೆ ತೋರಿಸಿದ್ದೇನೆ. ಗೂಟ ಬರೆದಿದ್ದೆ. ಗೂಟಕ್ಕೆ ಏನಾದರೂ ನೇತು ಹಾಕಬೇಕೆಂದು ಒಂದು ಸಲವೂ ತೋಚಿರಲಿಲ್ಲ.

"ಹೂಂ," ಎಂದೆ. "ಬಿಟ್ಟು ಹೋಗಿದ್ದಾನೆ."

"ಎಷ್ಟ್ ವರ್ಸ ಆತು?"

"ಆರು."

ಕಥೆಯಲ್ಲಿ ಅಂಥ ಲೆಕ್ಕ ಎಲ್ಲೂ ಇರಲಿಲ್ಲ. ಬಾಯಿಂದ ತಾನಾಗಿ ಬಂತು. ಅವಳು ಚಿತ್ರ ಬಿಟ್ಟು ನನ್ನನ್ನು ನೋಡಿದಳು. ಮುಖ ನೋಡಿ, ಕೊರಳು ನೋಡಿ, ಮತ್ತೆ ಚಿತ್ರದ ಕಡೆ ತಿರುಗಿದಳು. ಇನ್ನೇನು ಕೇಳುತ್ತಾಳೋ ಎಂದು ನಾನು ಹಾಳೆ ಮಗುಚಲು ಕೈ ಹಾಕಿದೆ. ಅವಳು ಕೇಳಲಿಲ್ಲ. ಉಳಿದವರಿಗೆ ಹೇಳಿದಳು: "ಆರು ವರ್ಸ ಆಯ್ತಂತೆ ಕಣ್ರಮ್ಮಿ. ಇನ್ನೇನ್ ಬಂದಾನು."

ಅಲ್ಲಿಂದ ಮುಂದೆ ಕೂಟ ನನ್ನ ಕೈ ತಪ್ಪಿತು. ಅವನು ಯಾಕೆ ಬಿಟ್ಟ ಎಂದು ಅವರವರಲ್ಲೇ ಚರ್ಚೆ. ಒಬ್ಬಳು ಅವನಿಗೆ ಕುಡಿತ ಅಂಟಿಸಿದಳು, ಇನ್ನೊಬ್ಬಳು ಅತ್ತೆಯದೇ ತಪ್ಪು ಎಂದಳು. "ಬಂದ್ರೆ ಒಳೀಕ್ ಸೇರಿಸ್ಬೋದಾ?" ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ ಮುದುಕಿಯೊಬ್ಬಳು, "ಗಂಡ ಕಣಮ್ಮಿ, ಬಂದ್ರೆ ಬ್ಯಾಡ ಅನ್ನಕಾಯ್ತದಾ?" ಎಂದು ಗದರಿದಳು. ಎಮ್ಮೆಯವಳು, "ಬರ್ಲಿ, ಜಗಲಿ ಮ್ಯಾಲೆ ಕುಂತ್ಕಂಡು ಮಜ್ಜಿಗೆ ಕುಡ್ಕಂಡು ಓಗ್ಲಿ. ಅವ್ಳು ಮೊದ್ಲು ರುಜು ಕಲೀಲಿ" ಎಂದಳು. ಅವರು ಮಾತಾಡಿದ್ದು ಚಿತ್ರದ ಹೆಂಗಸಿನ ಬಗ್ಗೆ. ನಾನು ಹಾಳೆಯ ಅಂಚು ಹಿಡಿದು ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ನನ್ನ ವಿಷಯ ಆರು ವರ್ಷದಲ್ಲಿ ಯಾರೂ ನನ್ನ ಎದುರಿಗೆ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಬಸ್ಸಿನ ತನಕ ಆ ಎಮ್ಮೆಯವಳು ಬಂದಳು. ಸುರುಳಿಯನ್ನು ಅವಳೇ ಹೊತ್ತಳು. ದಾರಿಯಲ್ಲಿ, "ನನ್ನೋನು ಓಗಿ ಅನ್ನೊಂದು ವರ್ಸ" ಎಂದಳು, ಮಳೆ ಬಂದು ಎಷ್ಟು ದಿನವಾಯಿತು ಎಂದು ಹೇಳುವಂತೆ. "ಮೊದ್ಲು ಎಲ್ರಿಗೂ ಕೂಲಿಗೆ ಓಗವ್ನೆ ಅಂತಿದ್ದೆ. ಆಮ್ಯಾಲೆ ಬುಟ್ಬುಟ್ಟೆ. ಸುಳ್ಳು ಏಳಾಕೂ ಮೈಯಾಗೆ ಸಗ್ತಿ ಬೇಕಲ್ಲವ್ವ."

ನಾನು "ಹೌದು" ಎಂದೆ. ಅವಳು ಅದಕ್ಕಿಂತ ಹೆಚ್ಚು ನಿರೀಕ್ಷಿಸಿರಲಿಲ್ಲ. ಬಸ್ಸು ಬಂತು, ಸುರುಳಿ ಒಳಕ್ಕೆ ಕೊಟ್ಟಳು, ಹೋದಳು.

ಮುಂದಿನ ವಾರ ಹಾಳೆಗಳನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿ ಇಳಿಸಿ ನೋಡಿದರು. ನಿಜವಾಗಿ ಖುಷಿಪಟ್ಟರು. "ಜೀವ ಬಂದಿದೆ. ಒಂದೇ ಒಂದು ಕೊರತೆ. ಗಂಡನ್ನ ಎಲ್ಲಾದರೂ ಒಂದು ಕಡೆ ಸೇರಿಸಿ. ಇಲ್ಲದಿದ್ದರೆ ಸಂಸಾರ ಮುರುಕಲಾಗಿ ಕಾಣುತ್ತೆ."

"ಹೆಂಗಸರು ಒಪ್ಪಿಕೊಂಡಿದ್ದಾರೆ ಸರ್, ಹಾಗೇ ಇರಲಿ."

"ಅವರು ಒಪ್ಪಬಹುದು. ಮೇಲಿನವರು ಕೇಳ್ತಾರಲ್ಲ ಅಮ್ಮ. ಓದು ಕಲಿತರೆ ಗಂಡ ಇರಲ್ಲ ಅಂತ ಯಾರಾದರೂ ತಿಳ್ಕೊಂಡರೆ? ಸುಮ್ಮನೆ ಹಿಂದೆ ನಿಂತಿರಲಿ, ಸಾಕು."

ಹಾಳೆ ತೆಗೆದುಕೊಂಡು ಬಂದೆ. ಮೂರು ದಿನ ಪ್ರಯತ್ನಿಸಿದೆ. ಪೇಟ ಸುತ್ತಿದ ರೈತನನ್ನು ಬರೆಯಲು ಕೂತರೆ ಭುಜ ಮುಂದಕ್ಕೆ ಬಾಗಿದ ಗುಮಾಸ್ತನೊಬ್ಬ ಬರುತ್ತಿದ್ದ. ಕೈಗೆ ನೇಗಿಲು ಕೊಟ್ಟರೂ ಬೆರಳು ಪೆನ್ನು ಹಿಡಿದ ಹಾಗೆ ಮಡಿಚಿಕೊಳ್ಳುತ್ತಿದ್ದವು. ಮೀಸೆ ದಪ್ಪ ಮಾಡಿದೆ, ಮೈ ಕಪ್ಪು ಮಾಡಿದೆ. ಆದರೂ ಅವರೇ. ಶೂ ಲೇಸು ಕಟ್ಟುತ್ತಾ ತಲೆ ಎತ್ತದೆ ಮಾತಾಡಿದವರು. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಮೂರನೆಯ ದಿನ ಅಧಿಕಾರಿಯ ಹತ್ತಿರ ಹೋಗಿ, "ನನ್ನ ಕೈಲಾಗಲ್ಲ ಸರ್" ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ. "ಬಿಡಿ ಅಮ್ಮ, ನೀವು ಬಹಳ ದಣಿದಿದ್ದೀರಿ. ಬೇರೆಯವರ ಕೈಲಿ ಸೇರಿಸ್ತೀನಿ" ಎಂದರು.

ಅಚ್ಚಾಗಿ ಬಂದಾಗ ಐದನೆಯ ಹಾಳೆಯಲ್ಲಿ ಒಬ್ಬ ಗಂಡಸು ಬಾಗಿಲಲ್ಲಿ ನಿಂತಿದ್ದ. ಒಳ್ಳೆಯ ಆಳು, ಬಿಳಿ ಪಂಚೆ, ನಗುಮುಖ. ಒಲೆಯ ಬೆಳಕು ಬರುತ್ತಿದ್ದ ಕಡೆಗೇ ಅವನ ನೆರಳು ಚಾಚಿತ್ತು. ಬೇರೆಯವರ ಕೈ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಟವನ್ನು ಹಂಚಲು ನಾಗಮಂಗಲಕ್ಕೆ ಇನ್ನೊಂದು ಸಲ ಹೋದೆ. ಎಮ್ಮೆಯವಳು ಹಾಳೆ ನೋಡಿ ಹುಬ್ಬೇರಿಸಿದಳು. "ಇವ್ನ್ಯಾವಾಗ ಬಂದ?"

"ಕಚೇರಿಯವರು ಕಳಿಸಿದ್ದಾರೆ" ಎಂದೆ.

ಅವಳು ನಗುತ್ತಾ ನಗುತ್ತಾ ಕ್ಯಾನಿನ ಮೇಲೆ ಕೂತುಬಿಟ್ಟಳು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಷ್ಟು ನಕ್ಕದ್ದು ಆ ವರ್ಷ ಅದೊಂದೇ ಸಲ.

ಅದಾದ ಮೇಲೆ ಒಂದು ಭಾನುವಾರ, ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಅಳಿಯಂದಿರ ಸುದ್ದಿ ಕೇಳಿದಳು. ಅಮ್ಮ ಬಾಯಿ ತೆರೆಯುವ ಮೊದಲೇ ನಾನು, "ಅವರು ಇನ್ನೊಂದು ಸಂಸಾರ ಮಾಡಿಕೊಂಡಿದ್ದಾರೆ, ಮೈಸೂರಲ್ಲೇ ಇದ್ದಾರೆ" ಎಂದೆ. ಆಕೆ "ಅಯ್ಯೋ" ಎಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಮ್ಮ ಬಹಳ ಹೊತ್ತು ಕಾಯಿ ಬಿಡಿಸುತ್ತಲೇ ಇದ್ದಳು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ.

"ಬಿಜಾಪುರ ಆದಮೇಲೆ ಯಾವ ಊರು ಹೇಳೋದು ಅಂತ ನನಗೂ ತೋಚ್ತಿರಲಿಲ್ಲ ಕಣೇ" ಎಂದಳು. "ಸುಸ್ತಾಗಿ ಹೋಗಿತ್ತು."

ಬೀದಿ ಸ್ವಲ್ಪ ದಿನ ಮಾತಾಡಿತು. ಕೆಲವು ಮನೆಗಳಿಂದ ಅರಿಸಿನ ಕುಂಕುಮಕ್ಕೆ ಕರೆ ಬರುವುದು ನಿಂತಿತು. ನಾನು ತಾಳಿ ತೆಗೆಯಲಿಲ್ಲ. ಧೈರ್ಯ ಎನ್ನುವುದು ನನ್ನ ಜೊತೆ ಅಷ್ಟು ದೂರ ಬರಲಿಲ್ಲ. ಮುಂದೆ ಒಂದು ಬೇಸಿಗೆಯಲ್ಲಿ ಸರ ಸವೆದು ಕಿತ್ತುಹೋದಾಗ ಮತ್ತೆ ಪೋಣಿಸಲಿಲ್ಲ, ಅಷ್ಟೆ.

ಮುಂದಿನ ವರ್ಷ ನಾನೇ ಅರ್ಜಿ ಹಾಕಿ ಕೆ.ಆರ್. ಪೇಟೆಗೆ ವರ್ಗ ಮಾಡಿಸಿಕೊಂಡೆ. ಮನೆಯಲ್ಲಿ ತಮ್ಮನಿಗೆ ಮದುವೆ ಗೊತ್ತಾಗಿತ್ತು, ಕೋಣೆ ಬೇಕಾಗಿತ್ತು. ಅದೊಂದೇ ಕಾರಣವಲ್ಲ. ಹೊರಡುವ ದಿನ ಒಂದು ಟ್ರಂಕು, ಒಂದು ಹಾಸಿಗೆ, ಸೀಮೆಎಣ್ಣೆ ಸ್ಟೋವು. ಅಪ್ಪ ದೇವಸ್ಥಾನದ ಕೆಲಸ ಮುಗಿಸಿ ಮಡಿ ಬಿಚ್ಚಿ ಬಸ್‌ ಸ್ಟ್ಯಾಂಡಿಗೆ ಬಂದರು. ಈ ಏಳು ವರ್ಷದಲ್ಲಿ ನನ್ನ ಮದುವೆಯ ವಿಷಯವಾಗಿ ಅವರು ಒಂದು ಮಾತೂ ಆಡಿರಲಿಲ್ಲ. ಅವತ್ತೂ ಆಡಲಿಲ್ಲ. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಕಿಟಕಿಯ ಹತ್ತಿರ ಬಂದು ನಿಂತರು. ನಾನು ಸೀಟಿಗೆ ಒರಗಿದೆ. ಕಣ್ಣು ಮುಚ್ಚಿದರೆ ಅಲ್ಲೇ ನಿದ್ದೆ ಹೋಗುವಂತಿದ್ದೆ.

"ಸ್ಟೋವಿನ ಪಿನ್ನು ಇಟ್ಟುಕೊಂಡಿದ್ದೀಯಾ?" ಎಂದರು.

ಕಟ್ಟಿಕೊಂಡ ಬರ್ನರಿನ ತೂತು ಚುಚ್ಚಲು ಬೇಕಾಗುವ ಆ ಪಿನ್ನು ನಾನು ಇಟ್ಟುಕೊಂಡಿರಲಿಲ್ಲ. ಅವರು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ಡ್ರೈವರು ಹತ್ತಿ ಕೂತು ಎಂಜಿನ್ನು ಚಾಲೂ ಮಾಡಿದ. ಹೆದ್ದಾರಿಯ ಲಾರಿಗಳ ನಡುವೆ ಅಪ್ಪ ಒಂದು ಕೈ ಎತ್ತಿ ಹಿಡಿದು, ಪಂಚೆ ಮೇಲೆತ್ತಿಕೊಂಡು ಬೇಗ ಬೇಗ ಬಂದರು. ಕಿಟಕಿಯ ಸರಳಿನ ಮೂಲಕ ಪೊಟ್ಟಣ ಒಳಗೆ ತೂರಿಸಿದರು. ಒಂದು ಪಿನ್ನು ಸಾಕಾಗಿತ್ತು. ಅವರು ಒಂದು ಡಜನ್ ತಂದಿದ್ದರು.